ಸೋಮವಾರದ ಹೆಬ್ಬೆಟ್ಟು

ಎಣ್ಣೆ, ನೀರು ಹಚ್ಚಿದ ತೊಗರಿಯನ್ನು ಬಿಸಿಲಿಗೆ ಹರವಿದಾಗ ಒಂದು ವಾಸನೆ ಏಳುತ್ತದೆ. ಒದ್ದೆ ಗೋಣಿಚೀಲವನ್ನು ಎಣ್ಣೆ ಡಬ್ಬಿಯ ಪಕ್ಕದಲ್ಲಿಟ್ಟು ಮರೆತುಬಿಟ್ಟರೆ ಬರುತ್ತದಲ್ಲ, ಅಂಥದ್ದು. ಹೋದ ತಿಂಗಳು ಯಾರೋ ಅಣ್ಣತಮ್ಮರ ಹೊಲದ ಪಾಲಿನ ಮಾತುಕತೆಗೆಂದು, ಈಗ ನಾನಿರುವ ಜೇವರ್ಗಿಯಿಂದ ಆಳಂದಕ್ಕೆ ಹೋಗಿದ್ದೆ. ಊರ ಹೊರಗಿನ ಬೇಳೆ ಮಿಲ್ಲಿನ ಗೋಡೆಯ ಪಕ್ಕ ಹಾಯುವಾಗ ಆ ವಾಸನೆ ಮೂಗಿಗೆ ಬಡಿಯಿತು, ನಿಂತು ಕಣ್ಣುಜ್ಜಿಕೊಂಡೆ. ಜೊತೆಗಿದ್ದವರು, "ಯಾಕ್ರಿ ಶಾಂತಪ್ಪಣ್ಣಾ, ಧೂಳಿ ಹೋತೇನು?" ಎಂದರು. "ಹೌದ್ರಿ, ಧೂಳಿ" ಎಂದು ಟವೆಲಿನಿಂದ ಮುಖ ಒರೆಸಿಕೊಂಡೆ. ಅವತ್ತು ಹೊಲದ ಮಾತುಕತೆಯಲ್ಲಿ ನನ್ನ ತಲೆ ನಿಲ್ಲಲಿಲ್ಲ. ಆ ಗೋಡೆಯೊಳಗೆ ನಡೆದ ಒಂದು ಸುಗ್ಗಿಯ ನೆನಪು ಎದ್ದು ಕುಳಿತಿತ್ತು.

ನಾನು ಆಳಂದದ ಬಜಾರದಲ್ಲಿ ಚೀಲ ಹೊತ್ತು ಮೇಲೆ ಬಂದವನು. ಏಳನೆಯ ಇಯತ್ತೆಗೆ ಶಾಲೆ ಮುಗಿಯಿತು. ಬೆನ್ನಿಗಿಂತ ಬಾಯಿಯೇ ಹೆಚ್ಚು ದುಡಿಯುತ್ತದೆ ಎಂದು ಬೇಗ ಗೊತ್ತಾಯಿತು. ಎತ್ತು ಕೊಳ್ಳುವವರು, ಹೆಣ್ಣು ತರುವವರು, ಮನೆ ಮಾರುವವರು ನನ್ನನ್ನು ಕರೆದೊಯ್ಯತೊಡಗಿದರು. ಈಗಲೂ ಯಾರಾದರೂ ಕೇಳಿದರೆ ಹೇಳುತ್ತೇನೆ: ಚೌಕಾಸಿಗೆ ಹೋಗುವ ಮುಂಚೆ ಹೊಟ್ಟೆತುಂಬ ಉಂಡು ಹೋಗಿ, ಹಸಿದವನಿಗೆ ಎದ್ದು ಮನೆಗೆ ಹೋಗುವ ಅವಸರವಿರುತ್ತದೆ. ಎದುರಿನವನು ಸುಮ್ಮನಾದರೆ ನೀವೂ ಸುಮ್ಮನಿರಿ. ನಿಮಗೆ ಬೇಕಾದದ್ದರ ದುಪ್ಪಟ್ಟು ಕೇಳಿ. ಇವೆಲ್ಲ ಇವತ್ತಿಗೂ ಖರೆ. ಆದರೆ ಎಲ್ಲವೂ ಎತ್ತಿನ ವ್ಯಾಪಾರವಲ್ಲ. ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು, ನನ್ನ ಕಲಿಕೆಯ ಬೆಲೆ ಇನ್ನೊಬ್ಬಳು ತೆತ್ತಳು.

ಆ ಮಿಲ್ಲಿನಲ್ಲಿ ನಲವತ್ತು ಹೆಂಗಸರು ನೆಲದ ಮೇಲೆ ಸಾಲಾಗಿ ಕುಳಿತು ಬೇಳೆ ಹಸನು ಮಾಡುತ್ತಿದ್ದರು. ಕಲ್ಲು, ಕರಿಕಾಳು, ಸಿಪ್ಪೆ ಬಿಡದ ಬೇಳೆ ಇವನ್ನೆಲ್ಲ ಆರಿಸಿ ಬೇರೆ ಮಾಡುವ ಕೆಲಸ. ಹನ್ನೆರಡು ತಿಂಗಳೂ ಅದೇ ಹೆಂಗಸರು, ಅದೇ ಜಾಗ. ಹೆಸರಿಗೆ ಮಾತ್ರ ದಿನಗೂಲಿ, ಬೇಡ ಅಂದ ದಿನ ಬೇಡ. ಅವರಲ್ಲಿ ರೇಣುಕಾ ಎಂಬ ಇಪ್ಪತ್ತೆರಡರ ಹುಡುಗಿ ಇದ್ದಳು. ಗಂಡ ಅದೇ ಮಿಲ್ಲಿನ ಹಮಾಲ. ಅವಳ ತವರು ಅಫಜಲಪುರದಾಚೆ, ಭೀಮಾ ದಂಡೆಯ ಒಂದು ಹಳ್ಳಿ. ಮದುವೆಯಾಗಿ ನಾಲ್ಕು ವರ್ಷಕ್ಕೆ ಅವಳಿಗೆ ದಿನ ನಿಂತಿದ್ದವು. ಅದು ಐದನೆಯ ತಿಂಗಳು. ಹೊಸ ತೊಗರಿಯ ಟ್ರಾಕ್ಟರುಗಳು ಮಿಲ್ಲಿನ ಮುಂದೆ ಸಾಲುಗಟ್ಟಿದ್ದ ಚಳಿಯ ಕಾಲ.

ಒಂದು ಮುಂಜಾನೆ ಮಿಲ್ಲಿನ ಲೆಕ್ಕ ಬರೆಯುವ ಮುನೀಮ ಅವಳ ಸೆರಗಿನ ಕಡೆ ನೋಡಿ, "ಐದು ತುಂಬ್ಯಾವೇನವಾ? ಹಂಗಾದ್ರ ಈ ವಾರಕ್ಕ ಸಾಕು ಮಾಡು. ಹಡದು, ಕೂಸು ನಡದಾಡಾಕ ಹತ್ತಿದ ಮ್ಯಾಲ ಬಾ. ಜಾಗಾ ಇದ್ರ ನೋಡೂಣು" ಎಂದ.

ಅಲ್ಲಿ ಯಾವಾಗಲೂ ನಡೆದುಕೊಂಡು ಬಂದದ್ದೇ ಅದು. ಅವಳಿಗಿಂತ ಮುಂಚೆ ಎಷ್ಟೋ ಜನ ಹಾಗೆ ಎದ್ದು ಹೋಗಿದ್ದರು. ಆದರೆ ರೇಣುಕಾ ಏಳಲಿಲ್ಲ. ಮಿಲ್ಲು ತಪ್ಪಿದರೆ ಅವಳಿಗೆ ಮುಂದೇನು ಎಂಬುದು ಅವಳಿಗೆ ಗೊತ್ತಿತ್ತು. ಅವಳ ಮೈದುನ ಭೂಸನೂರ ಕಡೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದ. ಅತ್ತೆ ಮೊದಲಿನಿಂದಲೂ, "ಹೊಲದಾಗ ಒಂದು ಕೈ ಕಮ್ಮಿ ಅದ, ಸೊಸಿನ್ನ ಕಳಸ್ರಿ" ಎನ್ನುತ್ತಿದ್ದಳು. ಕೂಸನ್ನು ಕಬ್ಬಿನ ಸಾಲಿನಲ್ಲಿ ಮಲಗಿಸಿ ಕತ್ತಿ ಬೀಸುವುದು ಬೇಡವೆಂದೇ ಅವಳು ಈ ಧೂಳಿನಲ್ಲಿ ಕುಳಿತಿದ್ದಳು.

ಸಾಲಿನ ಕೊನೆಯಲ್ಲಿದ್ದ ಕಾಶಕ್ಕ ಎದ್ದು ಮಡಿಲಿನ ಸಿಪ್ಪೆ ಕೊಡವಿದಳು. ಐವತ್ತು ದಾಟಿದ ಹೆಂಗಸು, ಮಿಲ್ಲು ಶುರುವಾದಾಗಿನಿಂದ ಅಲ್ಲಿದ್ದವಳು.

"ಮುನೀಮ್ರೆ, ನಿಮ್ಮನ್ನ ಯಾರು ಹಡದಾರ? ಈ ಮಿಷನ್ನೇನು?"

ಹೆಂಗಸರು ನಕ್ಕರು. ಮುನೀಮ ಕೆಂಪಾದ. ಊಟದ ಹೊತ್ತಿಗೆ ನಲವತ್ತೂ ಜನ ಗೇಟಿನ ಹೊರಗೆ ಕುಳಿತಿದ್ದರು.

ಅದಕ್ಕೂ ಸ್ವಲ್ಪ ದಿನ ಮುಂಚೆ ಕಾರ್ಮಿಕ ಇಲಾಖೆಯ ಮೇಡಂ ಒಬ್ಬರು ಸಭೆ ಮಾಡಿ ಹೋಗಿದ್ದರು. ಹಡೆಯುವ ಹೆಂಗಸಿಗೆ ಇಪ್ಪತ್ತಾರು ವಾರ ಪಗಾರ ಸಹಿತ ರಜೆ ಕಾಯ್ದೆಯಲ್ಲಿದೆ, ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು ಹೇಳಿದ್ದರು. ಓದು ಬಾರದ ಕಾಶಕ್ಕ ಅದನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿಟ್ಟುಕೊಂಡಿದ್ದಳು. ಮೂರು ದಿನ ಗೇಟು ಕಾಯ್ದರು. ಒಳಗೆ ಬೇಳೆಯ ರಾಶಿ ಬೆಳೆಯಿತು. ಮೂರನೆಯ ದಿನ ಮಿಲ್ಲಿನ ಮಾಲಕ ಸಾವುಕಾರ ನನಗೆ ಹೇಳಿಕಳಿಸಿದ. ಅದೇ ಸಂಜೆ ಹೆಂಗಸರೂ ಹೇಳಿಕಳಿಸಿದರು. ಎರಡೂ ಕಡೆಯವರು ನನ್ನನ್ನೇ ಕರೆದರಲ್ಲ ಎಂದು ಎದೆಯುಬ್ಬಿಸಿ ಹೋದೆ. ಇವತ್ತು ಯಾರಾದರೂ ಕೇಳಿದರೆ ಬೇರೆ ಹೇಳುತ್ತೇನೆ: ಎದುರಿನವನಿಗೂ ಬೇಕಾದ ಮನುಷ್ಯನನ್ನು ನಿಮ್ಮ ಕಡೆಯಿಂದ ಮಾತಿಗೆ ಕಳಿಸಬೇಡಿ.

ಗೇಟಿನಲ್ಲಿ ಕಾಶಕ್ಕ ತಡೆದಳು. "ಶಾಂತಪ್ಪಾ, ನಾನೂ ರೇಣುಕಾನೂ ಒಳಗ ಬರ್ತೇವಿ."

"ನೀವು ಯಾಕ ಬೇ ಅಕ್ಕಾ? ಮಾತು ಕೆಡ್ತದ. ನೀವು ಕುಂದರ್ರಿ, ನಾ ನೋಡ್ಕೋತೇನಿ."

"ಇಪ್ಪತ್ತಾರು ವಾರ. ಒಂದು ದಿನ ಕಮ್ಮಿ ಆಗಬಾರದು, ಮತ್ತ."

"ಕಾಯ್ದಾ ಕಾಗದದಾಗ ಇರ್ತದ ಅಕ್ಕಾ. ಊರಾಗ ಇರೂದು ಸಾವುಕಾರ" ಎಂದು ನಕ್ಕು ಒಳಗೆ ಹೋದೆ. ಆ ಮಾತು ಹೇಳಿದ್ದಕ್ಕೆ ನನಗೆ ಖುಷಿಯೂ ಆಗಿತ್ತು.

ಸಾವುಕಾರ ಗಾದಿಯ ಮೇಲೆ ಕುಳಿತಿದ್ದ. ನನಗಿಂತ ನಾಲ್ಕು ವರ್ಷ ದೊಡ್ಡವನು. ಒಂದು ಕಾಲಕ್ಕೆ ದನದ ಬಜಾರದಲ್ಲಿ ಇಬ್ಬರೂ ದಲ್ಲಾಳಿ ಕೆಲಸ ಮಾಡಿದವರೇ. "ಶರಣ್ರಿ ಸಾವುಕಾರ" ಎಂದೆ. "ಬಾರೋ ಶಾಂತಪ್ಪ. ಈ ಹೆಣ್ಮಕ್ಕಳಿಗಿ ಏನು ಹುಚ್ಚು ಹಿಡದದಪಾ? ಹಡಿಯೂದು ಅವರ ಮನಿ ವಿಷಯ. ನಾ ಯಾಕ ಪಗಾರ ಕೊಡ್ಲಿ?" ಎಂದ.

ಒಂದು ತಾಸು ಮಾತಾಡಿದೆವು. ಕೊನೆಗೆ ಅವನು ಹೆಗಲ ಮೇಲಿನ ಶಾಲು ತೆಗೆದು ತನ್ನ ಕೈಯ ಮೇಲೆ ಹಾಕಿಕೊಂಡು ನನ್ನ ಕಡೆ ಚಾಚಿದ. "ಬಾ, ದನದ ಬಜಾರದಂಗ ಮುಗಸೂಣು."

ನಮ್ಮ ಕಡೆ ಎತ್ತಿನ ದರ ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ಹೇಳುತ್ತೇವೆ, ಸುತ್ತ ನಿಂತವರಿಗೆ ತಿಳಿಯದಂತೆ. ಆ ಕೋಣೆಯಲ್ಲಿ ಸುತ್ತ ನಿಂತವರು ಯಾರೂ ಇರಲಿಲ್ಲ. ಆದರೂ ನಗುತ್ತ ಕೈ ತೂರಿಸಿದೆ. ಐದು ಬೆರಳು ಒಟ್ಟಿಗೆ ಹಿಡಿದು, ಬಿಟ್ಟು, ಮತ್ತೊಂದು ಹಿಡಿದೆ: ಆರು ತಿಂಗಳು. ಅವನು ಎರಡು ಹಿಡಿದ. ನಾನು ನಾಲ್ಕು. ಅವನು ನನ್ನ ಒಂದು ಬೆರಳನ್ನು ಮೆಲ್ಲಗೆ ಮಡಚಿದ. ಮೂರು ತಿಂಗಳಿಗೆ ಬಂದು ನಿಂತಿತು. ಪೂರಾ ಪಗಾರ, ತಿರುಗಿ ಬಂದಾಗ ಅದೇ ಜಾಗ. ಸೊನ್ನೆಯಿಂದ ಮೂರಕ್ಕೆ ಏರಿಸಿದೆ ಎಂದೇ ನನ್ನ ಲೆಕ್ಕ. ಅದು ಸೊನ್ನೆಯಿಂದ ಶುರುವಾದ ಮಾಲಲ್ಲ, ಆಗಲೇ ಆ ಹೆಂಗಸರದೇ ಆಗಿದ್ದ ಆರರಲ್ಲಿ ಮೂರನ್ನು ನಾನು ಬಿಟ್ಟುಕೊಟ್ಟೆ ಎಂಬುದು ಆಗ ಹೊಳೆಯಲಿಲ್ಲ.

ಕಾಗದ ಬರೆಯುವಾಗ ಸಾವುಕಾರ ಒಂದು ಮಾತು ಸೇರಿಸಿದ. "ರಜಾ ತಗೊಂಡು ಬ್ಯಾರೆ ಕಡೆ ಕೂಲಿಗಿ ಹೋದ್ರ ನನಗ ಹ್ಯಾಂಗ ಗೊತ್ತಾಗಬೇಕು? ಪ್ರತಿ ಸೋಮವಾರ ಬಂದು ಗೇಟಿನ ಮಿಷನ್ನಿಗಿ ಹೆಬ್ಬೆಟ್ಟು ಒತ್ತಿ ಹೋಗ್ಲಿ. ಕೆಲಸ ಏನೂ ಬ್ಯಾಡ. ಎರಡು ಸೋಮವಾರ ಸಾಲಾಗಿ ತಪ್ಪಿದ್ರ ರಜಾನೂ ಇಲ್ಲ, ಜಾಗಾನೂ ಇಲ್ಲ."

ಐದು ನಿಮಿಷದ ಕೆಲಸ ಎಂದುಕೊಂಡೆ. ದೊಡ್ಡದರಲ್ಲಿ ಗೆದ್ದಾಗ ಸಣ್ಣದರಲ್ಲಿ ಬಿಟ್ಟುಕೊಡಬೇಕು ಎಂಬುದು ನನ್ನ ಕಸಬಿನ ನಿಯಮ. ಒಪ್ಪಿದೆ. ಹೆಂಗಸರ ಪರವಾಗಿ ಎಂದು ಬರೆದು ನಾನೇ ಸಹಿ ಮಾಡಿದೆ.

ಹೊರಗೆ ಬಂದು ಓದಿ ಹೇಳಿದೆ. ಮೂರು ತಿಂಗಳು ಎಂದಾಗ ಕಾಶಕ್ಕನ ಮುಖ ಸಣ್ಣದಾಯಿತು. ಆದರೆ ಪಗಾರ ಸಿಗುತ್ತದೆ, ಜಾಗ ಉಳಿಯುತ್ತದೆ ಎಂದಾಗ ಉಳಿದವರು ಹೋ ಎಂದು ಕೂಗಿದರು. ಆ ಕೂಗಿನಲ್ಲಿ ಸೋಮವಾರದ ಮಾತು ಮುಚ್ಚಿಹೋಯಿತು. ರೇಣುಕಾ ನನ್ನ ಕಾಲು ಮುಟ್ಟಲು ಬಂದಳು. "ಬ್ಯಾಡವಾ ತಂಗಿ" ಎಂದೆ. ಎಂದೆನಷ್ಟೇ, ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಎರಡು ತಿಂಗಳು ಊರಲ್ಲಿ ನನ್ನ ಹೆಸರೇ ಹೆಸರು. ಶಿವರಾತ್ರಿ ದಾಟಿ ಬಿಸಿಲು ಏರತೊಡಗಿದಾಗ ರೇಣುಕಾಳ ಕುಬುಸಕ್ಕೆ ನನಗೆ ಕರೆ ಬಂತು. ಏಳು ತಿಂಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಆರತಿ ಮಾಡಿ ಚೊಚ್ಚಲ ಬಸುರಿಯನ್ನು ತವರಿನವರು ಕರೆದುಕೊಂಡು ಹೋಗುವ ದಿನ. ನನಗೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿತ್ತು. ಅವಳ ತಾಯಿ ಬಂದು ಕೈಮುಗಿದಳು. "ನಿಮ್ಮಿಂದ ನನ್ನ ಮಗಳಿಗಿ ನೆರಳ ಸಿಕ್ತರಿ ಅಣ್ಣಾರ. ರಜಾ ಮುಗಿಯೂ ತನಕ ಫಿಕರ್ ಇಲ್ದ ನಮ್ಮನಿಯಾಗ ಇರ್ತಾಳ."

"ಇರ್ಲಿ ತಾಯಿ. ಸೋಮವಾರ ಸೋಮವಾರ ಅಷ್ಟು ಬಂದು ಹೆಬ್ಬೆಟ್ಟು ಒತ್ತಿ ಹೋದ್ರ ಆತು" ಎಂದೆ.

ತಾಯಿಗೆ ತಿಳಿಯಲಿಲ್ಲ. "ಎಲ್ಲಿಗಿ ಬರಬೇಕ್ರಿ?"

"ಮಿಲ್ಲಿಗಿ."

"ನಮ್ಮೂರಿಂದ? ಎರಡು ಬಸ್ಸು ಬದಲಿ ಮಾಡ್ಕೊಂಡು? ದಿನ ತುಂಬಿದಾಕಿ ಹ್ಯಾಂಗ ಬರ್ತಾಳ್ರಿ? ಹಡದ ಮ್ಯಾಲ ಬಾಣಂತಿ ಹೊಸ್ತಿಲ ದಾಟ್ತಾಳೇನ್ರಿ?"

ಬಳೆಗಾರ ಬಳೆ ಇಡಿಸುವುದನ್ನು ನಿಲ್ಲಿಸಿದ. ಒಳಗಿನಿಂದ ಆರತಿ ತಟ್ಟೆ ಹಿಡಿದು ಬಂದ ಕಾಶಕ್ಕ ಅಲ್ಲೇ ನಿಂತಳು. ಅವಳ ದನಿ ಮೆಲ್ಲಗಿತ್ತು.

"ಶಾಂತಪ್ಪಾ, ನಿನ್ನ ಹೆಂಡ್ತಿ ಮೂರು ಹಡದಾಳಲ್ಲ. ಎಲ್ಲಿ ಹಡದಾಳೋ?"

ನನ್ನ ಹೆಂಡತಿ ಮೂರು ಸಲವೂ ಜೇವರ್ಗಿಯ ತವರಿನಲ್ಲಿ ಹಡೆದಿದ್ದಳು. ಮೂರು ಸಲವೂ ನಾನೇ ಹಣ್ಣು ಹೂವು ಕಟ್ಟಿಕೊಂಡು ಬಸ್ಸು ಹತ್ತಿಸಿದ್ದೆ. ಐದು ತಿಂಗಳು ಒಬ್ಬನೇ ರೊಟ್ಟಿ ಬಡಿದುಕೊಂಡು ತಿಂದಿದ್ದೆ. ಆದರೂ ಸಾವುಕಾರನ ಗಾದಿಯ ಮುಂದೆ ಕುಳಿತಾಗ, ನಮ್ಮಲ್ಲಿ ಯಾವ ಹೆಣ್ಣೂ ಚೊಚ್ಚಲನ್ನು ಗಂಡನ ಊರಲ್ಲಿ ಹಡೆಯುವುದಿಲ್ಲ ಎಂಬುದು ತಲೆಗೆ ಬರಲಿಲ್ಲ. ಒಬ್ಬ ಹೆಂಗಸು ಆ ಕೋಣೆಯಲ್ಲಿದ್ದಿದ್ದರೆ, ಅವಳು ಬಾಯಿ ಬಾರದ ಮುದುಕಿಯಾಗಿದ್ದರೂ, ಕಾಗದಕ್ಕೆ ಶಾಯಿ ತಾಕುವ ಮುಂಚೆ ಕೈ ಹಿಡಿಯುತ್ತಿದ್ದಳು. ಸಾವುಕಾರನಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವನಿಗೆ ನಾಲ್ಕು ಹೆಣ್ಣುಮಕ್ಕಳು.

ಅವತ್ತೇ ಅವನ ಹತ್ತಿರ ಓಡಿದೆ. ನನ್ನ ಮಾತನ್ನು ಪೂರ್ತಿ ಕೇಳಿಕೊಂಡ, ಚಹಾ ತರಿಸಿದ.

"ನಾ ಹಡಿಬ್ಯಾಡ ಅಂದೀನೇನೋ? ತವರಿಗಿ ಹೋಗಬ್ಯಾಡ ಅಂದೀನೇನು? ಸಹಿ ಯಾರದದ, ನೋಡು."

"ಅದು ನನ್ನ ತಪ್ಪಾಗ್ಯಾದ್ರಿ ಸಾವುಕಾರ. ಆ ಒಂದು ಸಾಲು ಹೊಡದು ಹಾಕ್ರಿ."

"ಮತ್ತ ನನಗೇನು ಬಿಡ್ತೀ?"

ಬಿಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ತೊಗರಿಯ ಆವಕ ಮುಗಿದಿತ್ತು. ಈಗ ನಲವತ್ತು ಜನ ಒಂದು ತಿಂಗಳು ಹೊರಗೆ ಕುಳಿತರೂ ಅವನಿಗೆ ನಿದ್ದೆ ಬರುತ್ತಿತ್ತು.

ಕಾರ್ಮಿಕ ಇಲಾಖೆಯ ಮೇಡಂ ಹತ್ತಿರವೂ ಹೋದೆ. ಅವರು ಕಾಗದ ಓದಿ ಕನ್ನಡಕ ತೆಗೆದಿಟ್ಟರು. "ಕಾಯ್ದೆಗಿಂತ ಕಡಿಮೆಗೆ ಒಪ್ಪಿ ಸಹಿ ಮಾಡೋ ಹಕ್ಕು ನಿಮಗೆ ಯಾರು ಕೊಟ್ಟರು? ಈ ಕಾಗದ ಕಾಯ್ದೆಯ ಮುಂದೆ ನಿಲ್ಲೋದಿಲ್ಲ. ಆಕೆ ತನ್ನ ಹೆಸರಲ್ಲಿ ಒಂದು ಅರ್ಜಿ ಕೊಡಲಿ. ನಾನು ನೋಟಿಸು ಕಳಿಸ್ತೀನಿ" ಎಂದರು. ನನಗೆ ಜೀವ ಬಂತು. ಆದರೆ ತವರಿಗೆ ಹೊರಟು ನಿಂತಿದ್ದ ರೇಣುಕಾ ಅರ್ಜಿ ಅಂದ ಕೂಡಲೇ ಬೆಚ್ಚಿದಳು. "ಬ್ಯಾಡ್ರಿ ಅಣ್ಣಾ. ಅರ್ಜಿ ಕೊಟ್ಟ ದಿನಾನೇ ಅವರನ್ನೂ ಕೆಲಸದಿಂದ ತಗೀತಾರ" ಎಂದು ಗಂಡನ ಕಡೆ ನೋಡಿದಳು. ಗಂಡ ನೆಲ ನೋಡುತ್ತಿದ್ದ. "ಸೋಮವಾರ ನಾ ಬರ್ತೇನಿ. ಹನ್ನೆರಡು ಸೋಮವಾರ ಅಷ್ಟೇ ಅಲ್ಲೇನ್ರಿ?"

ಬಂದಳು. ಎಂಟು ತುಂಬಿ ರಜೆ ಶುರುವಾದ ಮೇಲೆ, ಆ ಹೊಟ್ಟೆ ಹೊತ್ತುಕೊಂಡು, ನಸುಕಿನಲ್ಲಿ ಹಳ್ಳಿ ಬಿಟ್ಟು, ಅಫಜಲಪುರದಲ್ಲಿ ಬಸ್ಸು ಬದಲಿಸಿ, ತಾಯಿಯ ಹೆಗಲು ಹಿಡಿದು ಬಂದಳು. ಕಬ್ಬಿನ ಕೊನೆಯ ಟ್ರಾಕ್ಟರುಗಳು ರಸ್ತೆಯಲ್ಲಿ ಅಡ್ಡ ಸಿಕ್ಕ ದಿನ ಮಧ್ಯಾಹ್ನವಾಗುತ್ತಿತ್ತು. ಹೆಬ್ಬೆಟ್ಟು ಒತ್ತುವಳು, ಮಿಷನ್ನು ಕುಂಯ್ ಎನ್ನುವುದು, ಗೇಟಿನ ಕಟ್ಟೆಯ ಮೇಲೆ ಸ್ವಲ್ಪ ಕುಳಿತು ತಿರುಗಿ ಹೋಗುವಳು. ನಾಲ್ಕು ಸೋಮವಾರ ಹಾಗಾಯಿತು. ನಾನು ಎಳನೀರು ಹಿಡಿದುಕೊಂಡು ನಿಲ್ಲುತ್ತಿದ್ದೆ. ಕಾಶಕ್ಕ ಒಳಗಿನಿಂದ ನೋಡುವಳು, ನನ್ನ ಜೊತೆ ಮಾತಾಡಳು.

ಐದನೆಯ ವಾರ ತಪ್ಪಿತು, ಹಡೆದಿದ್ದಳು. ಹೆಣ್ಣು ಕೂಸು. ಇನ್ನೊಂದು ತಪ್ಪಿದರೆ ಎಲ್ಲ ಹೋಯಿತು. ಕೂಸಿಗೆ ಒಂಬತ್ತು ದಿನವಾಗಿದ್ದಾಗ, ರೊಟ್ಟಿ ಹಂಚಿನಂಥ ಬಿಸಿಲಿನಲ್ಲಿ, ಕಿವಿ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಂದಳು. ಮುನೀಮ ಗೇಟಿನಲ್ಲೇ, "ಕರೆಂಟ್ ಹೋಗ್ಯಾದವಾ, ಮಿಷನ್ ನಡಿಯಾಂಗಿಲ್ಲ. ಕುಂದರು" ಎಂದ.

"ಪುಸ್ತಕದಾಗ ಒತ್ತಿಸ್ಕೊಳ್ರಿ ಮುನೀಮ್ರೆ. ಬಾಣಂತಿ ಇದ್ದಾಳ" ಎಂದೆ.

"ಕಾಗದದಾಗ ಮಿಷನ್ ಅಂತ ಬರದದ್ರಿ. ನೀವೇ ಬರಸೀರಿ."

ಹನ್ನೊಂದಕ್ಕೆ ಬಂದವಳು ಮೂರೂವರೆಯ ತನಕ ಬೇವಿನ ಗಿಡದ ಬುಡದಲ್ಲಿ ಕುಳಿತಳು. ನೆರಳು ಸರಿದಂತೆ ಅವಳೂ ಸರಿದಳು. ತಾಯಿ ಸೆರಗಿನಿಂದ ಕೂಸಿಗೆ ಗಾಳಿ ಹಾಕುತ್ತಿದ್ದಳು. ಒಳಗೆ ಹೊಟ್ಟು ಹಾರಿಸುವ ಯಂತ್ರ ಜನರೇಟರಿನ ಮೇಲೆ ಓಡುತ್ತಲೇ ಇತ್ತು. ಗೇಟಿನ ಆ ಅಂಗೈಯಗಲದ ಮಿಷನ್ನಿಗೆ ಮಾತ್ರ ವೈರು ಎಳೆದಿರಲಿಲ್ಲ. ಕರೆಂಟು ಬಂತು, ಹೆಬ್ಬೆಟ್ಟು ಒತ್ತಿದಳು. ಬಸ್ಸು ಹತ್ತಿಸುವಾಗ ಅವಳ ಕೈ ಹಿಡಿದೆ, ಸುಡುತ್ತಿತ್ತು.

ಆ ಜ್ವರ ಮೂರು ವಾರ ಬಿಡಲಿಲ್ಲ. ಅಫಜಲಪುರದ ದವಾಖಾನೆಯಲ್ಲಿ ಮಲಗಿದಳು, ಎದೆಹಾಲು ಬತ್ತಿತು. ಎರಡನೆಯ ಸೋಮವಾರ ತಪ್ಪಿದ ಮರುದಿನ ಮುನೀಮ ಅವಳ ಹೆಸರಿಗೆ ಗೀಟು ಎಳೆದ. ಆ ಹಾಳೆಯನ್ನು ಗೇಟಿಗೆ ಅಂಟಿಸಿದ. ಕೆಳಗೆ, ಒಪ್ಪಂದದ ಪ್ರಕಾರ, ಎಂದು ಬರೆದಿತ್ತು.

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಅವಳು ಗಂಡನ ಮನೆಗೆ ಬಂದಳು. ಸುದ್ದಿ ತಿಳಿದು ಹೋದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕಾಶಕ್ಕನೂ ಕುಳಿತಿದ್ದಳು. ರೇಣುಕಾ ಕೂಸಿಗೆ ಬಾಟಲಿಯ ಹಾಲು ಕುಡಿಸುತ್ತಿದ್ದಳು. ಕೈಗಳು ಕಡ್ಡಿಯಾಗಿದ್ದವು. ದಾರಿಯುದ್ದಕ್ಕೂ ಅಣಿ ಮಾಡಿಕೊಂಡದ್ದನ್ನು ಹೇಳಿದೆ: ಅರ್ಜಿ ಕೊಡೋಣ, ಮೇಡಂ ಇದ್ದಾರೆ, ಕೇಸು ನಿಲ್ಲುತ್ತದೆ, ಗಂಡನಿಗೆ ನಾನು ಬಜಾರದಲ್ಲಿ ಬೇರೆ ಕೆಲಸ ನೋಡುತ್ತೇನೆ, ಆರು ತಿಂಗಳಿನದೂ ವಸೂಲಾಗುತ್ತದೆ.

"ಎಷ್ಟು ದಿನ ಹಿಡಿತದ್ರಿ ಅಣ್ಣಾ?"

"ವರ್ಷ ಆಗಬಹುದು. ಎರಡೂ ಆಗಬಹುದು. ಸುಳ್ಳ್ಯಾಕ ಹೇಳ್ಲಿ?"

"ದೀಪಾವಳಿ ಆದ ಕೂಡ್ಲೇ ಗ್ಯಾಂಗ್ ಹೋಗ್ತದ್ರಿ. ಅತ್ತಿ ನನ್ನ ಹೆಸರ ಬರಸ್ಯಾಳ." ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. "ಮುನೀಮನ್ನ ಕೇಳೀನ್ರಿ. ಹೊಸಬರನ್ನ ತಗೊಳ್ಳಾಕತ್ತಾರ. ಆದ್ರ ಇನ್ನ ಮಕ್ಕಳಾಗದಂಗ ಆಪರೇಷನ್ ಆದವ್ರಿಗಷ್ಟೇ ಅಂತ. ದವಾಖಾನಿ ಚೀಟಿ ನೋಡಿ ಒಳಗ ಬಿಡ್ತಾರ. ನಿಮ್ಮ ಕಾಗದ ಆದಾಗಿಂದ ಹಂಗ ಮಾಡ್ಯಾರ್ರಿ. ನನಗ ಇದೊಂದೇ ಅದ, ಆಪರೇಷನ್ನಿಗಿ ಮನಿಯಾಗ ಒಪ್ಪಾಂಗಿಲ್ಲ. ನೀವು ಒಂದು ಕಾಗದ ಬರದು ಕೊಡ್ರಿ. ಮಿಲ್ಲಿನಾಗ ಇರೂ ತನಕ ನಾ ಇನ್ನ ಹಡಿಯಾಂಗಿಲ್ಲ, ರಜಾ ಕೇಳಾಂಗಿಲ್ಲ, ಹಡದ್ರ ನಾನೇ ಬಿಟ್ಟು ಹೋಗ್ತೇನಿ ಅಂತ. ಸಹಿ ನಾನೇ ಮಾಡ್ತೇನಿ."

"ಅಂಥಾ ಕಾಗದಕ್ಕ ಯಾವ ಕಾಯ್ದೆನೂ ಇಲ್ಲ, ತಂಗಿ."

"ಕಾಯ್ದೆದ್ದು ಬ್ಯಾಡ್ರಿ. ಸಾವುಕಾರ ಒಪ್ಪೂದು ಬೇಕು. ನಿಮಗ ಬರಿಯಾಕ ಬರ್ತದಲ್ಲ."

ಕಾಶಕ್ಕನ ಕಡೆ ನೋಡಿದೆ. ಅಷ್ಟು ತಿಂಗಳ ಮೇಲೆ ಅವಳು ನನ್ನ ಜೊತೆ ಮೊದಲ ಸಲ ಮಾತಾಡಿದಳು. "ನನ್ನ ಯಾಕ ನೋಡ್ತೀ? ಬರಿ. ಇಲ್ಲಂದ್ರ ಆ ಕೂಸು ಕಬ್ಬಿನ ಹೊಲದಾಗ ಬೀಳ್ತದ." ಅಷ್ಟು ಹೇಳಿ ಎದ್ದು ಹೋದಳು.

ನೆರೆಮನೆಯವರು ಮಗ್ಗಿ ಪುಸ್ತಕದ ಹಿಂದಿನ ಹಾಳೆ ಹರಿದುಕೊಟ್ಟರು. ಮೊಣಕಾಲಿನ ಮೇಲಿಟ್ಟುಕೊಂಡು ಬರೆದೆ. ಅವಳು ನನ್ನ ಕೈಯಿಂದ ಇಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದಳು. ಒಂದು ಕಡೆ, "ಇಲ್ಲಿ 'ಸ್ವಂತ ಖುಷಿಯಿಂದ' ಅಂತ ಹಾಕ್ರಿ, ಇಲ್ಲಾಂದ್ರ ಮುನೀಮ ತಕರಾರು ತಗೀತಾನ" ಎಂದು ತಿದ್ದಿಸಿದಳು. ಆಮೇಲೆ ಸಹಿ ಮಾಡಿದಳು.

ಮರುದಿನ ಇಬ್ಬರೂ ಹೋದೆವು. ಸಾವುಕಾರ ಗೇಟಿನಲ್ಲೇ ನಿಂತಿದ್ದ. ಹಾಳೆಯನ್ನು ಓದಿದ, ಮಡಚಿ ಕಿಸೆಯಲ್ಲಿಟ್ಟುಕೊಂಡ, "ಹೋಗವಾ, ಕುಂದರು" ಎಂದು ಒಳಗಿನ ಸಾಲನ್ನು ತೋರಿಸಿದ. ಅವಳು ಚಪ್ಪಲಿ ಬಿಟ್ಟು ಓಡುವವಳಂತೆ ಹೋದಳು. ಮೂವತ್ತು ವರ್ಷಗಳಲ್ಲಿ ನಾನು ಬರೆದ ಕಾಗದಗಳಲ್ಲಿ, ಎದುರಿನವನು ಒಂದು ಅಕ್ಷರಕ್ಕೂ ಚೌಕಾಸಿ ಮಾಡದೆ ಒಪ್ಪಿಕೊಂಡದ್ದು ಅದೊಂದೇ.